ಶಹಾಬಾದ್ ಯಾವ ತಾಲ್ಲೂಕು?

ಸೇಡಂ ಕಡೆಯ ರೈತರೊಬ್ಬರು ಪಹಣಿಗಾಗಿ ಕಂದಾಯ ಇಲಾಖೆಯ ‘ಭೂಮಿ’ ತಾಣ ತೆರೆದರೆ ಅದು ಮೊದಲು ಜಿಲ್ಲೆ ಕೇಳುತ್ತದೆ. ಕಲಬುರಗಿ ಎಂದು ಆರಿಸಿದ ಮೇಲೆ ತಾಲ್ಲೂಕುಗಳ ಪಟ್ಟಿ ಬರುತ್ತದೆ. ಆಮೇಲೆ ಹೋಬಳಿ, ಊರು, ಸರ್ವೆ ನಂಬರ್. ಕೊನೆಗೆ ತೆರೆಯುವ ಪುಟವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಕೇಳಿದ ಹೊತ್ತಿನಲ್ಲಿ ಸರ್ವರ್ ಡೇಟಾಬೇಸ್‌ನಲ್ಲಿ ಹುಡುಕಿ, ಸಿಕ್ಕಿದ್ದನ್ನು ಜೋಡಿಸಿ ಕಳಿಸುತ್ತದೆ. ಡೈನಾಮಿಕ್ ವೆಬ್‌ಸೈಟ್ ಎಂದರೆ ಇದೇ.

ಬಿಸಿಎ, ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದುವವರಿಗೆ ಇದು ಪಠ್ಯದ ಭಾಗ. ಎಚ್‌ಟಿಎಂಎಲ್‌ನಿಂದ ಶುರುವಾಗಿ ಜಾವಾಸ್ಕ್ರಿಪ್ಟ್ ದಾಟಿ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಕಡೆಗೆ ಹೋಗುವುದು ವಾಡಿಕೆಯ ದಾರಿ. ಪುಟಕ್ಕೆ ಎಷ್ಟು ಜನ ಬಂದರೆಂದು ಎಣಿಸುವ ಪಿಎಚ್‌ಪಿ ಪ್ರೋಗ್ರಾಂ ವಿಟಿಯು ವೆಬ್ ಲ್ಯಾಬ್‌ಗಳಲ್ಲಿ ಹಲವು ತಂಡಗಳ ಕೈಯಿಂದ ಹಾದುಹೋಗಿದೆ. ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿಯ ಮೊದಲ ರೂಪವನ್ನು ಬರೆದದ್ದೂ ಇಂಥದೇ ಕೆಲಸಕ್ಕೆ: ತನ್ನ ಬಯೋಡೇಟಾ ಪುಟವನ್ನು ಯಾರು ಯಾರು ನೋಡುತ್ತಿದ್ದಾರೆಂದು ತಿಳಿಯಲು. 1995ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟ.

ಕೋಡ್ ಬರೆಯುವುದು ಅಭ್ಯಾಸದಿಂದ ಬರುತ್ತದೆ. ಅದಕ್ಕೂ ಮುಂಚಿನ ಕೆಲಸ, ಅಂದರೆ ಮಾಹಿತಿಯನ್ನು ಯಾವ ಯಾವ ಟೇಬಲ್‌ಗಳಲ್ಲಿ ಹಂಚಿಡಬೇಕೆಂದು ತೀರ್ಮಾನಿಸುವುದು, ಹೆಚ್ಚು ಕಷ್ಟದ್ದು. ಪುಸ್ತಕಗಳು ಇದನ್ನು ಯಾವುದೋ ಕಂಪನಿಯ ನೌಕರರು ಮತ್ತು ಸಂಬಳದ ಉದಾಹರಣೆಯಲ್ಲಿ ಕಲಿಸುತ್ತವೆ. ಕಲಬುರಗಿ ಜಿಲ್ಲೆಯ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಮನೆಯ ಅಂಗಳದಲ್ಲೇ ಇದೆ.

ಊರುಗಳ ಒಂದು ಟೇಬಲ್ ಇದೆ ಎನ್ನೋಣ. ವಾಡಿ, ಶಹಾಬಾದ್ ಎರಡರ ಎದುರೂ ‘ಚಿತ್ತಾಪುರ’ ಎಂದು, ಮಳಖೇಡದ ಎದುರು ‘ಸೇಡಂ’ ಎಂದು, ಎಲ್ಲದರ ಎದುರೂ ‘ಗುಲಬರ್ಗಾ’ ಎಂದು ಅಕ್ಷರದಲ್ಲೇ ಬರೆದಿಟ್ಟಿದ್ದಾರೆ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಈಗ ಸಾವಿರಾರು ಸಾಲು ತಿದ್ದಬೇಕು. ಹುಡುಕಿ ಬದಲಿಸುವ ಆಜ್ಞೆಯನ್ನು ಎಲ್ಲೆಡೆ ಓಡಿಸಿಬಿಟ್ಟರೆ, 1980ರಿಂದ ಹಳೆಯ ಹೆಸರಿನಲ್ಲೇ ಇರುವ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರೂ ಕೆಡುತ್ತದೆ! ಜಿಲ್ಲೆಗಳಿಗೇ ಒಂದು ಟೇಬಲ್ ಮಾಡಿ, ಪ್ರತಿ ಜಿಲ್ಲೆಗೂ ಒಂದು ಸಂಖ್ಯೆ ಕೊಟ್ಟು, ಊರಿನ ಸಾಲಿನಲ್ಲಿ ಆ ಸಂಖ್ಯೆಯನ್ನಷ್ಟೇ ಇಟ್ಟಿದ್ದರೆ ಒಂದೇ ಒಂದು ಸಾಲು ತಿದ್ದಿದರೆ ಸಾಕಿತ್ತು. ಊರಿನ ಸಾಲಿನಲ್ಲಿ ಕೂರುವ ಆ ಸಂಖ್ಯೆಗೆ ‘ಫಾರಿನ್ ಕೀ’ ಎನ್ನುತ್ತಾರೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದ ಮೇಲೆ ಈ ಪದ್ಧತಿಯೆಲ್ಲ ನಿಂತಿದೆ.

ಮುಂದಿನ ತೊಡಕು ಇನ್ನೂ ಸ್ವಾರಸ್ಯದ್ದು. 2017ರ ರಾಜ್ಯ ಬಜೆಟ್ ಹೊಸ ತಾಲ್ಲೂಕುಗಳನ್ನು ಘೋಷಿಸಿತು. ಶಹಾಬಾದ್, ಕಾಳಗಿ ಎರಡೂ ಚಿತ್ತಾಪುರದಿಂದ ಬೇರೆಯಾದವು. ತಾಲ್ಲೂಕುಗಳಿಗೂ ಹೀಗೆಯೇ ಸಂಖ್ಯೆ ಕೊಟ್ಟಿದ್ದೇವೆ ಎನ್ನೋಣ; ಶಹಾಬಾದಿನ ಎದುರಿನ ತಾಲ್ಲೂಕು ಸಂಖ್ಯೆ ಬದಲಿಸಿದರೆ ಇವತ್ತಿನ ಲೆಕ್ಕ ಸರಿಯಾಯಿತು. ಆದರೆ 2011ರ ಜನಗಣತಿಯ ಅಂಕಿಗಳನ್ನು ಅದೇ ತಾಣದಲ್ಲಿ ತೋರಿಸಬೇಕಾದರೆ? ಆಗ ಶಹಾಬಾದ್ ಚಿತ್ತಾಪುರದ್ದೇ. ಹಳೆಯ ಸಂಖ್ಯೆಯ ಮೇಲೆ ಹೊಸದನ್ನು ಬರೆದವರಿಗೆ ಇದಕ್ಕೆ ಉತ್ತರವಿಲ್ಲ. ಊರು, ತಾಲ್ಲೂಕು, ಎಂದಿನಿಂದ, ಎಂದಿನವರೆಗೆ ಎಂಬ ನಾಲ್ಕು ಅಂಕಣಗಳ ಇನ್ನೊಂದು ಟೇಬಲ್ ಬೇಕು. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾದದ್ದನ್ನೂ ಇದೇ ಬಗೆಯ ಟೇಬಲ್‌ನಲ್ಲಿ ಹಿಡಿಯಬಹುದು. ಇಷ್ಟನ್ನು ತಾನಾಗಿಯೇ ಯೋಚಿಸಿ ಕಾಗದದ ಮೇಲೆ ಗೆರೆ ಎಳೆದ ವಿದ್ಯಾರ್ಥಿ ಅರ್ಧ ವಿಷಯ ಕಲಿತಂತೆಯೇ.

ಸುರಕ್ಷತೆಯ ಪಾಠವನ್ನಂತೂ ಮುಂದಕ್ಕೆ ಹಾಕುವಂತಿಲ್ಲ. ಬಳಕೆದಾರರು ಟೈಪ್ ಮಾಡಿದ್ದನ್ನು ಹಾಗೆಯೇ ಎಸ್‌ಕ್ಯೂಎಲ್ ಸಾಲಿಗೆ ಅಂಟಿಸಿದರೆ, ಊರಿನ ಹೆಸರು ಬರೆಯುವ ಜಾಗದಲ್ಲಿ ಕಿಡಿಗೇಡಿಗಳು ಡೇಟಾಬೇಸ್‌ಗೇ ಆಜ್ಞೆ ಬರೆಯುತ್ತಾರೆ. ಆಜ್ಞೆಯನ್ನೂ ಬಳಕೆದಾರರು ಟೈಪ್ ಮಾಡಿದ್ದನ್ನೂ ಬೇರೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸುವುದನ್ನು ಮೊದಲ ಫಾರಂನಿಂದಲೇ ರೂಢಿಸಬೇಕು.

ಇಂಗ್ಲಿಷ್ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳದ ಒಂದು ಪಾಠವನ್ನು ಚಿಂಚೋಳಿಯ ಹೆಸರೇ ಕಲಿಸುತ್ತದೆ. ಓದುವವರ ಕಣ್ಣಿಗೆ ‘ಚಿಂಚೋಳಿ’ ಮೂರು ಅಕ್ಷರ. ಗುಣಿತದ ಚಿಹ್ನೆ, ಸೊನ್ನೆಗಳನ್ನು ಬೇರೆ ಬೇರೆ ಎಣಿಸುವ ಯೂನಿಕೋಡ್‌ಗೆ ಅದು 7 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಪಿಎಚ್‌ಪಿಯ ಸ್ಟ್ರ್‌ಲೆನ್ 21 ಎಂದು ಹೇಳುತ್ತದೆ. ಹೆಸರು 20 ಮೀರಬಾರದು ಎಂದು ಸ್ಟ್ರ್‌ಲೆನ್ ನಂಬಿ ಮಿತಿ ಹಾಕಿದ ಫಾರಂ ಚಿಂಚೋಳಿಯನ್ನು ಒಪ್ಪುವುದಿಲ್ಲ. ಸಂಕೇತಗಳನ್ನು ಎಣಿಸುವ ಎಂಬಿ-ಸ್ಟ್ರ್‌ಲೆನ್ ಹಾಕಿದರೆ ಒಪ್ಪುತ್ತದೆ. ಟೇಬಲ್‌ನ ಅಕ್ಷರ ಸಂಕೇತವನ್ನು ಹಳೆಯ ಲ್ಯಾಟಿನ್-1ಕ್ಕೆ ಬಿಟ್ಟಿದ್ದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯಬಹುದು, ಮತ್ತು ಹಾಗೆ ಕಳೆದುಹೋದ ಹೆಸರುಗಳನ್ನು ಆ ಚಿಹ್ನೆಗಳಿಂದ ಮರಳಿ ಪಡೆಯಲಾಗುವುದಿಲ್ಲ.