ಎಳೆಯ ನಾಯಿಯ ಹೊಲಸು ತಿನ್ನುವ ಚಾಳಿ: ಬಿಡಿಸುವ ಬಗೆ

ತೋಟದ ಮನೆಗೆ ನಾಯಿ ಬೇಕೇ ಬೇಕು. ಹಂದಿಯಿರಲಿ, ಮಂಗವಿರಲಿ, ಒಣಹಾಕಿದ ಅಡಕೆಗೆ ಕೈಹಾಕುವ ಕಳ್ಳನಿರಲಿ, ಮೊದಲು ಎಚ್ಚರಿಸುವುದು ಅದೇ. ಆದರೆ ಅದೇ ನಾಯಿ ಮರಿಯಾಗಿದ್ದಾಗ ಸಗಣಿ, ಕೋಳಿ ಹಿಕ್ಕೆ, ಸತ್ತ ಇಲಿ, ಕಡೆಗೆ ತನ್ನ ಹೇಲನ್ನೇ ತಿನ್ನುವುದನ್ನು ಕಂಡು ಹೇಸಿ, ದೂರ ಬಿಟ್ಟು ಬಂದವರೂ ಉಂಟು. ಗೊಬ್ಬರ ಒಯ್ಯಲು ಸಂಘಕ್ಕೆ ಬರುವ ಸದಸ್ಯರು ಈ ವಿಚಾರವನ್ನು ನಾಚಿಕೊಂಡೇ ಕೇಳುತ್ತಾರೆ. ನಾಚಬೇಕಾದ್ದೇನೂ ಇಲ್ಲ; ನಮ್ಮ ಮನೆಯಲ್ಲೂ ನಡೆದದ್ದೇ.

ಎರಡು ವರ್ಷದ ಕೆಳಗೆ ಬಸವಕಲ್ಯಾಣ ನೋಡಿಕೊಂಡು ಹುಮನಾಬಾದಿನ ಕಡೆ ಹೊರಟಿದ್ದೆವು. ತೊಗರಿ ಕೊಯ್ದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದರು. ಅಲ್ಲಿಯ ಕುರಿಗಾಹಿಯೊಬ್ಬರು ಎರಡು ತಿಂಗಳ ಮರಿಯೊಂದನ್ನು ಸಂತೋಷದಿಂದ ಕೊಟ್ಟರು. ಮಂದೆಯಲ್ಲಿ ಕುರಿ ಸತ್ತರೆ ಅದರ ಪುಪ್ಪುಸ, ಪಿತ್ತಕೋಶ ನಾಯಿಗಳ ಪಾಲು ಎಂಬುದನ್ನು ಅಲ್ಲಿಯೇ ಕಂಡೆವು. ಅದರ ಅರ್ಥ ಹೊಳೆಯಲಿಲ್ಲ.

ಮನೆಗೆ ಬಂದ ಮರಿ ಕೊಟ್ಟಿಗೆಯನ್ನೇ ಅಡುಗೆಮನೆ ಮಾಡಿಕೊಂಡಿತು. ನಾವು ಗದರಿದೆವು, ಹೊಡೆದೆವು, ಸಗಣಿಗೆ ಮೆಣಸಿನಪುಡಿ ಉದುರಿಸಿದೆವು. ಅದು ಕಲಿತದ್ದು ಒಂದೇ: ನಮ್ಮನ್ನು ಕಂಡೊಡನೆ ಬೇಗ ನುಂಗುವುದು, ಮರೆಯಲ್ಲಿ ತಿನ್ನುವುದು. ಮಳೆಗಾಲದ ಒಂದು ಸಂಜೆ ಬಸವನಹುಳುವಿಗೆಂದು ನಾವೇ ಹಾಕಿದ್ದ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಹಾಗೆಯೇ ಮರೆಯಲ್ಲಿ ತಿಂದು, ಮೈಯೆಲ್ಲ ನಡುಗಿ ಬಿದ್ದಿತು. ಪೊಟ್ಟಣ ಸಮೇತ ಪಶುವೈದ್ಯರಲ್ಲಿಗೆ ಒಯ್ದದ್ದರಿಂದ ಉಳಿಯಿತು. ತಪ್ಪು ನಾಯಿಯದಲ್ಲ, ನಮ್ಮದು.

ನಾಯಿ ಏಕೆ ಹೀಗೆ ಮಾಡುತ್ತದೆ? ಮೊದಲ ವಾರಗಳಲ್ಲಿ ತಾಯಿಯೇ ಮರಿಗಳ ಮಲವನ್ನು ನೆಕ್ಕಿ ಗೂಡು ಶುಚಿಮಾಡುತ್ತದೆ. ಮರಿ ನೋಡಿ ಕಲಿಯುತ್ತದೆ. ಎಳೆಯದು ಎಲ್ಲವನ್ನೂ ಬಾಯಿಂದಲೇ ಪರೀಕ್ಷಿಸುತ್ತದೆ. ಇದರ ಮೇಲೆ ಹಸಿವು, ಜಂತುಹುಳು, ಬರಿಯ ಅನ್ನ-ಮಜ್ಜಿಗೆಯ ಊಟ, ದಿನವಿಡೀ ಸರಪಳಿಯ ಬೇಸರ ಸೇರಿದರೆ ಚಾಳಿ ಗಟ್ಟಿಯಾಗುತ್ತದೆ. ಮರಿ ಹುಮನಾಬಾದಿನ ಹೊಲದಿಂದ ಬರಲಿ, ಮುಧೋಳದ ಬಳಿಯ ತಿಮ್ಮಾಪುರದ ಶ್ವಾನ ಕೇಂದ್ರದಿಂದ ಬರಲಿ, ಈ ಮಾತಿನಲ್ಲಿ ಭೇದವಿಲ್ಲ.

ಇದನ್ನು ಬರೀ ಅಸಹ್ಯವೆಂದು ತಳ್ಳಿಹಾಕುವಂತಿಲ್ಲ. ಕುರಿಯ ಪುಪ್ಪುಸ, ಪಿತ್ತಕೋಶಗಳಲ್ಲಿ ಹೈಡಾಟಿಡ್ ಎಂಬ ನೀರುಗುಳ್ಳೆಗಳಿರಬಹುದು. ಅವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ 3ರಿಂದ 6 ಮಿಲಿಮೀಟರ್ ಉದ್ದದ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಿದ್ದು, ಅದರ ಕೂದಲಿಗೂ ಮೂತಿಗೂ ಅಂಟಿ, ಮುದ್ದುಮಾಡುವ ಮಗುವಿನ ಹೊಟ್ಟೆ ಸೇರಬಹುದು. ಮನುಷ್ಯನ ಪಿತ್ತಕೋಶದಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕಡೆಗೆ ಶಸ್ತ್ರಕ್ರಿಯೆಯವರೆಗೂ ಒಯ್ಯುವುದುಂಟು. ನಮ್ಮ ಮೊಮ್ಮಗಳ ಮುಖವನ್ನು ಆ ಮರಿ ನೆಕ್ಕುತ್ತಿದ್ದುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಐಸ್‌ಲ್ಯಾಂಡ್ ದೇಶದಲ್ಲಿ 1860ರ ದಶಕದಿಂದ ರೈತರಿಗೆ ಕಿರುಹೊತ್ತಗೆ ಹಂಚಿ, ಹಸಿ ಕರುಳು ನಾಯಿಗೆ ಸಿಗದಂತೆ ಮಾಡಿಯೇ ಈ ರೋಗವನ್ನು ಅಡಗಿಸಿದರು. ಅಡಕೆ ಬೆಳೆಗಾರರು ಹೆಮ್ಮೆಪಡಬಹುದಾದ ಮಾತೂ ಒಂದಿದೆ. ಪ್ರಾಜಿಕ್ವಾಂಟೆಲ್ ಬರುವ ಮುನ್ನ ನ್ಯೂಜಿಲೆಂಡಿನಲ್ಲಿ ನಾಯಿಗಳ ಹುಳು ಪತ್ತೆಗೆ ಬಳಸುತ್ತಿದ್ದುದು ಅರೆಕೋಲಿನ್ ಎಂಬ, ನಮ್ಮ ಅಡಕೆಯಲ್ಲಿರುವ ವಸ್ತುವನ್ನೇ. ಹಾಗೆಂದು ಯಾರೂ ನಾಯಿಗೆ ಅಡಕೆ ಅರೆದು ಕುಡಿಸತಕ್ಕದ್ದಲ್ಲ. ಪ್ರಮಾಣ ತಪ್ಪಿದರೆ ಅದೇ ವಿಷ.

ಇನ್ನು ಚಾಳಿ ಬಿಡಿಸುವ ಕ್ರಮ.

ಒಂದು, ಹೊಟ್ಟೆ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ. ಅನ್ನದ ಜೊತೆಗೆ ಮೊಟ್ಟೆ ಅಥವಾ ಬೇಯಿಸಿದ ಮಾಂಸ ಇರಲಿ. ಕರುಳು, ಪಿತ್ತಕೋಶಗಳನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಕುದಿಸಿಯೇ ಹಾಕಬೇಕು.

ಎರಡು, ಜಂತು. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ ಔಷಧಿ. ಲಾಡಿಹುಳುವಿಗೆ ಪ್ರತ್ಯೇಕ ಔಷಧಿ ಬೇಕೆಂಬುದನ್ನು ವೈದ್ಯರಿಗೆ ನೆನಪಿಸಿ.

ಮೂರು, ಶುಚಿ. ಊಟವಾದ ಹತ್ತು-ಹದಿನೈದು ನಿಮಿಷಕ್ಕೆ ಮರಿಯನ್ನು ಹೊರಗೊಯ್ಯಿರಿ. ವಿಸರ್ಜಿಸಿದೊಡನೆ ಕರೆದು ತಿಂಡಿ ಕೊಟ್ಟು, ಮಲವನ್ನು ಹೂಳಿಬಿಡಿ. ಸಿಗದ್ದನ್ನು ನಾಯಿ ತಿನ್ನಲಾರದು.

ನಾಲ್ಕು, ‘ಬಿಡು’ ಎಂಬ ಮಾತು. ಮುಷ್ಟಿಯಲ್ಲಿ ತಿಂಡಿ ಹಿಡಿದು ಮೂತಿಯ ಮುಂದಿಡಿ. ಮರಿ ನೆಕ್ಕಲಿ, ಕೆರೆಯಲಿ, ಕೊಡಬೇಡಿ. ಅದು ಮುಖ ಹಿಂದೆಗೆದ ಕ್ಷಣ ‘ಬಿಡು’ ಎಂದು ಹೇಳಿ, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದನ್ನು ಕೊಡಿ. ದಿನಕ್ಕೆ ಐದೈದು ನಿಮಿಷ ಸಾಕು. ಅನಂತರ ನೆಲದ ಮೇಲಿಟ್ಟು, ಆಮೇಲೆ ಹಗ್ಗ ಕಟ್ಟಿ ಕೊಟ್ಟಿಗೆಯ ಬಳಿ ಅಭ್ಯಾಸ ಮಾಡಿಸಿ. ಬಾಯಲ್ಲಿರುವುದನ್ನು ಕಿತ್ತುಕೊಳ್ಳಲು ಅಟ್ಟಿಸಿಕೊಂಡು ಹೋಗಬಾರದು, ಹೋದರೆ ನುಂಗಿಬಿಡುತ್ತದೆ. ನಮ್ಮ ಮರಿಗೆ ಏಳೆಂಟು ವಾರ ಹಿಡಿಯಿತು.

ಐದು, ವಿಷ. ಬಸವನಹುಳುವಿನ ಗುಳಿಗೆ, ಜಿಂಕ್ ಫಾಸ್ಫೈಡ್ ಇಲಿಪಾಷಾಣ, ಮೈಲುತುತ್ತ ಇವೆಲ್ಲ ಬೀಗದೊಳಗಿರಲಿ. ಗುಳಿಗೆ ಹಾಕಿದ ದಿನಗಳಲ್ಲಿ ನಾಯಿ ಕಟ್ಟಿಯೇ ಇರಲಿ. ಸತ್ತ ಇಲಿಯನ್ನು ಹೂಳಿ. ಪಲ್ಪರ್ ಮನೆಯ ಕಾಫಿ ಸಿಪ್ಪೆಯ ರಾಶಿಯಿಂದಲೂ ದೂರವಿಡಿ. ಕೆಫೀನ್ ನಾಯಿಯ ಹೃದಯಕ್ಕೆ ಆಗದು.

ಕೊನೆಯದಾಗಿ ಒಂದು ಎಚ್ಚರಿಕೆ. ಎಂದೂ ಇಲ್ಲದ ನಾಯಿ ಒಮ್ಮೆಲೆ ಕಲ್ಲು, ಕಟ್ಟಿಗೆ, ಮಣ್ಣು ಕಚ್ಚತೊಡಗಿ, ಜೊಲ್ಲು ಸುರಿಸಿ, ಸ್ವಭಾವ ಬದಲಾದರೆ ಅದನ್ನು ಚಾಳಿಯೆಂದು ತಿಳಿಯಬೇಡಿ; ಹುಚ್ಚುರೋಗದ ಲಕ್ಷಣವಿರಬಹುದು. ಅದರ ಬಾಯಿಗೆ ಕೈಹಾಕದೆ ವೈದ್ಯರಿಗೆ ತಿಳಿಸಿ. ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪದೆ ಹಾಕಿಸಿ.

ನಮ್ಮ ನಾಯಿ ಈಗ ಕಣದ ಬಳಿ ಮಲಗಿದೆ. ಸಗಣಿ ಕಂಡರೆ ಒಮ್ಮೆ ಮೂಸಿ, ನಮ್ಮ ಕೈ ನೋಡುತ್ತದೆ. ಆ ಕೈಯಲ್ಲಿ ಕೋಲಿಗೆ ಬದಲು ಒಂದು ತುಂಡು ರೊಟ್ಟಿ ಇದ್ದರೆ ಸಾಕು.