ತೊಗರಿಯ ನೆಟೆರೋಗವೂ ಬೀಜದೊಳಗಿನ ದಫ್ತರವೂ

ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ತೊಗರಿಯು ಹೂವಾಡಿ ಕಾಯಿಕಟ್ಟುವ ಹೊತ್ತಿಗೆ ಒಕ್ಕಲಿಗನ ಎದೆಯನ್ನು ನಡುಗಿಸುವ ನೋಟವೊಂದುಂಟು. ನಿನ್ನೆಯ ವರೆಗೆ ಹಸುರಾಗಿದ್ದ ಗಿಡವು ಎಲೆಗಳನ್ನು ಬಾಡಿಸಿಕೊಂಡು, ನೆಲದಲ್ಲಿ ತೇವವಿದ್ದರೂ ತೇವವಿಲ್ಲದಂತೆ ಒಣಗಿ ನಿಲ್ಲುವದು. ಬುಡದ ತೊಗಟೆಯನ್ನು ಸುಲಿದು ನೋಡಿದರೆ ಒಳಗಿನ ಕಟ್ಟಿಗೆಯಲ್ಲಿ ಕಪ್ಪು ಗೆರೆಗಳು ಕಾಣುವವು. ಇದೇ ಈ ಭಾಗದವರು ನೆಟೆರೋಗವೆಂದು ಕರೆಯುವ ಸೊರಗುರೋಗ. 2022ರ ಮುಂಗಾರಿ ಪೀಕಿನಲ್ಲಿ ನೆಟೆಯು ಕಲ್ಯಾಣ ಕರ್ನಾಟಕದ ತೊಗರಿಗೆ ಎಷ್ಟೊಂದು ಹಾನಿಯನ್ನುಂಟುಮಾಡಿತೆಂದರೆ, ಸರಕಾರವು ಒಕ್ಕಲಿಗರಿಗೆ ಪರಿಹಾರವನ್ನು ಸಾರಬೇಕಾಯಿತು. ಬಿತ್ತನೆ, ಕಳೆ, ಔಷಧಗಳ ವೆಚ್ಚವೆಲ್ಲ ಮುಗಿದ ಮೇಲೆ ಬರುವ ರೋಗವಾದುದರಿಂದ ಇದು ಒಕ್ಕಲಿಗನ ಗಂಟನ್ನೇ ನುಂಗುವದು.

ಆದರೆ ಇಂಥ ಹೊಲದಲ್ಲಿಯೂ ವಿಚಾರವಂತನು ಗಮನಿಸತಕ್ಕ ಸಂಗತಿಯೊಂದುಂಟು. ಒಂದೇ ಸಾಲಿನಲ್ಲಿ ಒಂದು ಗಿಡ ಸತ್ತಿದ್ದರೆ ಅದರ ಮಗ್ಗುಲಿನ ಗಿಡವು ಕಾಯಿ ತುಂಬಿ ನಿಂತಿರುವದು. ನೆಲ ಒಂದೇ, ಮಳೆ ಒಂದೇ, ಗೊಬ್ಬರ ಒಂದೇ. ಹಾಗಿದ್ದರೆ ಭೇದವೆಲ್ಲಿ? ಭೇದವು ಬಹುಮಟ್ಟಿಗೆ ಬೀಜದೊಳಗಿದೆ ಎಂಬದೇ ಶಾಸ್ತ್ರಜ್ಞರ ಉತ್ತರ. ಆ ಉತ್ತರದ ಅರ್ಥವನ್ನು ತಿಳಿದ ಜಮೀನುದಾರನು ಬೀಜವನ್ನು ಕೊಳ್ಳುವಾಗಲೂ ಕಾದಿಡುವಾಗಲೂ ಮೋಸಹೋಗುವದು ಕಡಮೆ.

ರೋಗದ ಮೂಲ

ನೆಟೆಯನ್ನುಂಟುಮಾಡುವ ಬೂಷ್ಟಿಗೆ ಫ್ಯುಸೇರಿಯಮ್ ಉಡಮ್ ಎಂದು ಹೆಸರು. ಹಿಂದುಸ್ಥಾನದ ಪೀಕುಗಳ ರೋಗಗಳನ್ನು ಅಭ್ಯಾಸಮಾಡಿದ ಎಡ್ವಿನ್ ಬಟ್ಲರ್ ಎಂಬ ಶಾಸ್ತ್ರಜ್ಞರು 1906ರಲ್ಲಿ ಈ ರೋಗವನ್ನು ವರ್ಣಿಸಿ, 1910ರಲ್ಲಿ ಬೂಷ್ಟಿಗೆ ಈ ಹೆಸರನ್ನಿಟ್ಟರು. ಇದು ಹೊಲದಲ್ಲಿ ಉಳಿದ ತೊಗರಿಯ ಕೂಳೆಗಳಲ್ಲಿ ಮೂರು ವರ್ಷಗಳ ವರೆಗೂ ಬದುಕಿರಬಲ್ಲದು. ಹೊಸ ಪೀಕಿನ ಬೇರನ್ನು ಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಕಟ್ಟಿಬಿಡುವದು. ಗಿಡವು ಬಾಯಾರಿ ಸಾಯುವದು.

ತೊಗರಿಯ ಇನ್ನೊಂದು ವೈರಿಯು ಗೊಡ್ಡುರೋಗ. ಅದಕ್ಕೆ ಕಾರಣವು ಬೂಷ್ಟಲ್ಲ, ವೈರಸ್ಸು. ಬರಿಗಣ್ಣಿಗೆ ಕಾಣದ ನುಸಿಯೊಂದು ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವದು. ಗೊಡ್ಡುಬಿದ್ದ ಗಿಡವು ಸಾಯುವದಿಲ್ಲ. ಎಲೆ ತಿಳಿಹಸುರಾಗಿ ಪೊದೆಯಂತೆ ಬೆಳೆಯುವದು, ಆದರೆ ಹೂವು ಕಾಯಿಗಳಿಲ್ಲ. ಈ ಎರಡು ರೋಗಗಳೂ ಬೇರೆಬೇರೆ. ಒಂದನ್ನು ತಡೆಯುವ ತಳಿಯು ಇನ್ನೊಂದನ್ನು ತಡೆಯಬೇಕೆಂದೇನೂ ಇಲ್ಲ.

ಬೀಜದೊಳಗಿನ ದಫ್ತರ

ಗಿಡಮರಗಳೂ ಪಶುಗಳೂ ಮನುಷ್ಯರೂ ಕಣ್ಣಿಗೆ ಕಾಣದ ಜೀವಕಣಗಳಿಂದ ಆಗಿರುವರು. ಒಂದೊಂದು ಜೀವಕಣದ ನಡುವೆಯೂ ವರ್ಣತಂತುಗಳೆಂಬ ಎಳೆಗಳಿರುವವು. ತೊಗರಿಯಲ್ಲಿ ಇಂಥವು 11 ಜೊತೆ, ಅಂದರೆ 22. ಪ್ರತಿಯೊಂದು ಜೊತೆಯಲ್ಲಿ ಒಂದೆಳೆಯು ಬೀಜವನ್ನು ಹೊತ್ತ ತಾಯಿಗಿಡದಿಂದಲೂ ಇನ್ನೊಂದು ಪರಾಗವನ್ನು ಕೊಟ್ಟ ತಂದೆಗಿಡದಿಂದಲೂ ಬಂದುದಾಗಿದೆ.

ಈ ವರ್ಣತಂತುವಿನೊಳಗಿನ ಮುಖ್ಯ ವಸ್ತುವೇ ಡಿ.ಎನ್.ಎ. ಅದರ ರೂಪವು ಎರಡೆಳೆಗಳನ್ನು ಹುರಿಮಾಡಿದ ಹಗ್ಗದಂತಿದೆ. ಅದರಲ್ಲಿ ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕೇ ನಾಲ್ಕು ಪದಾರ್ಥಗಳು ಅಕ್ಷರಗಳಂತೆ ಸಾಲಾಗಿ ಜೋಡಿಸಲ್ಪಟ್ಟಿವೆ. ಅಡೆನಿನಿನ ಎದುರಿಗೆ ಯಾವಾಗಲೂ ಥೈಮಿನ್, ಗ್ವಾನಿನಿನ ಎದುರಿಗೆ ಯಾವಾಗಲೂ ಸೈಟೊಸಿನ್. ಆದುದರಿಂದ ಎಳೆಗಳೆರಡೂ ಬಿಚ್ಚಿಕೊಂಡಾಗ ಒಂದೊಂದೂ ತನ್ನ ಜೊತೆಗಾರನನ್ನು ಹೊಸದಾಗಿ ಕಟ್ಟಿಕೊಳ್ಳಬಲ್ಲದು. ಒಂದು ಜೀವಕಣವು ಎರಡಾಗುವಾಗ ಎರಡಕ್ಕೂ ಪೂರ್ಣ ಬರಹವು ದೊರೆಯುವದು ಹೀಗೆ. ಹುರಿಹಗ್ಗದ ಈ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ತಿಳಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಯು ಕ್ಷಕಿರಣಗಳಿಂದ ತೆಗೆದ ಚಿತ್ರಗಳು ಅದಕ್ಕೆ ಆಧಾರವಾಗಿದ್ದವು.

ಇದನ್ನು ಊರ ಚಾವಡಿಯ ದಫ್ತರಕ್ಕೆ ಹೋಲಿಸಬಹುದು. ದಫ್ತರದಲ್ಲಿ ಒಂದೊಂದು ಹೊಲಕ್ಕೆ ಒಂದೊಂದು ದಾಖಲೆಯಿರುವಂತೆ, ಡಿ.ಎನ್.ಎ.ಯಲ್ಲಿ ಒಂದೊಂದು ಕೆಲಸಕ್ಕೆ ಸಂಬಂಧಪಟ್ಟ ಬರಹದ ತುಂಡಿಗೆ ಜೀನು ಎನ್ನುವರು. ಮೂಲ ದಫ್ತರವನ್ನು ಯಾರೂ ಹೊಲಕ್ಕೆ ಒಯ್ಯುವದಿಲ್ಲ; ಬೇಕಾದ ಪುಟದ ನಕಲನ್ನು ಮಾತ್ರ ಒಯ್ಯುವರು. ಅದರಂತೆಯೇ ಜೀನಿನ ನಕಲು ಆರ್.ಎನ್.ಎ. ಎಂಬ ರೂಪದಲ್ಲಿ ಹೊರಬರುವದು. ಅದರ ಅಕ್ಷರಗಳನ್ನು ಮೂರುಮೂರರಂತೆ ಓದಿ ಜೀವಕಣವು ಪ್ರೋಟೀನುಗಳನ್ನು ಕಟ್ಟುವದು. ಮೂರಕ್ಷರಗಳ ಈ ಸಂಕೇತವನ್ನು ಬಿಡಿಸಿದವರಲ್ಲಿ ಪಂಜಾಬದಲ್ಲಿ ಹುಟ್ಟಿದ ಹರಗೋಬಿಂದ ಖುರಾನರು ಒಬ್ಬರು. ಅದಕ್ಕಾಗಿ ಅವರಿಗೆ 1968ರಲ್ಲಿ ಇಬ್ಬರು ಶಾಸ್ತ್ರಜ್ಞರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು. ಎಲೆಯ ಹಸುರು, ಕಾಳಿನ ಬಣ್ಣ, ಪೀಕು ಬರುವ ಅವಧಿ, ರೋಗಕ್ಕೆ ತಲೆಬಾಗದ ಗುಣ ಇವೆಲ್ಲವುಗಳ ಹಿಂದೆಯೂ ಇಂಥ ಬರಹವುಂಟು. ದಾಖಲೆಯಲ್ಲಿ ಒಂದಂಕಿಯು ತಪ್ಪಿದರೆ ಹೊಲವೇ ಬೇರೊಬ್ಬನ ಹೆಸರಿಗೆ ಹೋಗಬಹುದು. ಹಾಗೆಯೇ ಒಂದಕ್ಷರದ ಬದಲಾವಣೆಯಿಂದ ಕೆಲವು ವೇಳೆ ಒಂದು ಗುಣವೇ ಬದಲಾಗಬಹುದು.

ಮಾರುತಿ, ಆಶಾ ತಳಿಗಳು

ಗುಣಗಳು ಲೆಕ್ಕಬದ್ಧವಾಗಿ ಸಂತತಿಗೆ ಇಳಿಯುವವೆಂಬದನ್ನು ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿಯು 1866ರಲ್ಲಿಯೇ ಬಟಾಣಿಯ ಗಿಡಗಳಿಂದ ತೋರಿಸಿದ್ದನು. ಆ ಮಾತಿಗೆ ಮಾನ್ಯತೆ ದೊರೆತದ್ದು 1900ರಲ್ಲಿ. ಅಲ್ಲಿಂದ ಮುಂದೆ ಗಿಡಗಳನ್ನು ಆರಿಸುವ, ಕೂಡಿಸುವ ಕೆಲಸವು ಶಾಸ್ತ್ರೀಯವಾಯಿತು.

ಈ ಸೀಮೆಗೆ ಅದರ ಫಲವು ಹತ್ತಿರದಿಂದಲೇ ಬಂತು. ಹುಮನಾಬಾದದ ಮೇಲೆ ಹಾದು ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿಯೇ, ಪಟಾನ್‌ಚೆರುವಿನಲ್ಲಿ, 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯಿದೆ. ಅಲ್ಲಿ 13,000ಕ್ಕೂ ಮಿಕ್ಕ ತೊಗರಿಯ ಬೀಜಮಾದರಿಗಳನ್ನು ಶೀತಗೃಹಗಳಲ್ಲಿ ಕಾದಿಟ್ಟಿರುವರು. ಬೇಕೆಂದೇ ನೆಟೆಯ ಬೂಷ್ಟನ್ನು ತುಂಬಿದ ರೋಗದ ಮಡಿಗಳಲ್ಲಿ ಬೀಜಗಳನ್ನು ಬಿತ್ತಿ, ಬದುಕಿ ಉಳಿದುವನ್ನು ಆರಿಸಿ, ಮತ್ತೆ ಬಿತ್ತುವದೇ ಅಲ್ಲಿಯ ಪದ್ಧತಿ. ಹೀಗೆ ಮಹಾರಾಷ್ಟ್ರದ ನಾಡತೊಗರಿಯೊಂದರಿಂದ ಆರಿಸಿದ ಐ.ಸಿ.ಪಿ. 8863 ಎಂಬ ತಳಿಯು 1986ರಲ್ಲಿ ಮಾರುತಿ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. 1990ರ ದಶಕದ ಆರಂಭದ ಹೊತ್ತಿಗೆ ಉತ್ತರ ಕರ್ನಾಟಕದ ತೊಗರಿಯ ಹೊಲಗಳಲ್ಲಿ ಅರ್ಧಕ್ಕೂ ಹೆಚ್ಚಿನವನ್ನು ಅದು ಆವರಿಸಿತ್ತು. ಮಾರುತಿಯು ನೆಟೆಗೆ ಬಗ್ಗದು. ಆದರೆ ಗೊಡ್ಡುರೋಗಕ್ಕೆ ಸುಲಭವಾಗಿ ತುತ್ತಾಗುವದು. 1993ರಲ್ಲಿ ಬಂದ ಆಶಾ ಎಂಬ ತಳಿಯು ಎರಡನ್ನೂ ತಡೆಯುವ ಗುಣವುಳ್ಳದ್ದು.

ಆ ಆಶಾ ತಳಿಯ ದಫ್ತರವನ್ನೇ 2011ರಲ್ಲಿ ಓದಲಾಯಿತು. ಇಕ್ರಿಸ್ಯಾಟಿನ ರಾಜೀವ ವಾರ್ಷ್ಣೇಯರ ನೇತೃತ್ವದ ಮಂಡಲಿಯೊಂದು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ನಾಗೇಂದ್ರಕುಮಾರ ಸಿಂಗರ ಮಂಡಲಿಯೊಂದು, ಬೇರೆಬೇರೆಯಾಗಿ ಈ ಕೆಲಸವನ್ನು ಮಾಡಿದವು. ತೊಗರಿಯ ಪೂರ್ಣ ಬರಹವು ಸುಮಾರು 83 ಕೋಟಿ ಅಕ್ಷರಗಳಷ್ಟೆಂದೂ ಅದರಲ್ಲಿ 48,680 ಜೀನುಗಳಿರಬಹುದೆಂದೂ ಮೊದಲಿನ ಮಂಡಲಿಯು ಎಣಿಸಿತು. 2017ರಲ್ಲಿ 292 ಬೇರೆಬೇರೆ ತೊಗರಿಯ ಮಾದರಿಗಳ ಬರಹಗಳನ್ನು ಒಂದರೊಡನೊಂದನ್ನು ಹೋಲಿಸಿ ನೋಡಿದರು.

ಬಾಂದುಕಲ್ಲಿನ ಉಪಾಯ

ಇಷ್ಟೆಲ್ಲ ಓದಿ ಒಕ್ಕಲಿಗನಿಗೆ ಬಂದ ಲಾಭವೇನೆಂದು ಗೌಡರು ಕೇಳುವದು ನ್ಯಾಯವಾದುದೇ. ಗಡಿಯು ಎಲ್ಲಿದೆಯೆಂದು ತಿಳಿಯಲು ಹೊಲವನ್ನೆಲ್ಲ ಅಗೆಯಬೇಕಾಗಿಲ್ಲ; ಬಾಂದುಕಲ್ಲನ್ನು ಕಂಡರೆ ಸಾಕು. ಹಾಗೆಯೇ ರೋಗವನ್ನು ತಡೆಯುವ ಜೀನಿನ ಮಗ್ಗುಲಲ್ಲಿ ಸುಲಭವಾಗಿ ಗುರುತಿಸಬಹುದಾದ ಅಕ್ಷರಗಳ ಗುರುತುಗಳಿರುವವು. ಎರಡು ತಳಿಗಳನ್ನು ಕೂಡಿಸಿದ ಮೇಲೆ ಹುಟ್ಟಿದ ಸಸಿಗಳು ಗೇಣುದ್ದವಿರುವಾಗಲೇ ಒಂದೊಂದರಿಂದ ಎಲೆಯ ಚೂರನ್ನು ತೆಗೆದು, ಅದರ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಈ ಗುರುತು ಉಂಟೋ ಇಲ್ಲವೋ ಎಂದು ಪರೀಕ್ಷಿಸುವರು.

ಎಲೆಯ ಚೂರಿನಲ್ಲಿರುವ ಡಿ.ಎನ್.ಎ. ಅತ್ಯಲ್ಪ. ಅದನ್ನು ಹೆಚ್ಚಿಸುವ ಪಿ.ಸಿ.ಆರ್. ಎಂಬ ಯುಕ್ತಿಯನ್ನು 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವರು ಕಂಡುಹಿಡಿದರು. ಕಾಯಿಸಿದಾಗ ಎರಡೆಳೆಗಳು ಬಿಚ್ಚುವವು, ಆರಿಸಿದಾಗ ಒಂದೊಂದಕ್ಕೂ ಹೊಸ ಜೊತೆಯನ್ನು ಕಟ್ಟಲಾಗುವದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತುಗಳಲ್ಲಿ ಲೆಕ್ಕಕ್ಕೆ 100 ಕೋಟಿಯನ್ನೂ ಮೀರುವದು. ಇದೆಲ್ಲವೂ ಕೆಲವೇ ತಾಸುಗಳ ಕೆಲಸ.

ಇದರಿಂದ ತಳಿ ಬೆಳೆಸುವವರಿಗೆ ಕಾಲವು ಉಳಿಯುವದು. ಬೇಡವಾದ ಸಸಿಗಳನ್ನು ಮೊದಲೇ ತೆಗೆದುಹಾಕಬಹುದು. ಬೀಜದ ಶುದ್ಧತೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ಆದರೆ ಬಾಂದುಕಲ್ಲೇ ಹೊಲವಲ್ಲ. ಗುರುತು ಜೀನಿನಿಂದ ದೂರವಿದ್ದರೆ ಸಂಕರದಲ್ಲಿ ಎರಡೂ ಅಗಲಬಹುದು. ಬೂಷ್ಟಿನಲ್ಲಿಯೂ ಒಂದಕ್ಕಿಂತ ಹೆಚ್ಚು ಬಗೆಗಳಿರುವದರಿಂದ ಒಂದೆಡೆ ಗೆದ್ದ ತಳಿಯು ಇನ್ನೊಂದೆಡೆ ಸೋಲಬಹುದು. ಆದಕಾರಣ ಕೊನೆಯ ತೀರ್ಪು ರೋಗದ ಮಡಿಯಲ್ಲಿಯೂ ಒಕ್ಕಲಿಗನ ಹೊಲದಲ್ಲಿಯೂ ಆಗತಕ್ಕದ್ದು.

ಜೀನನ್ನು ತಂದು ಸೇರಿಸುವ ವಿದ್ಯೆ

ಗುರುತು ನೋಡಿ ಆರಿಸುವದೇ ಬೇರೆ, ಅನ್ಯಜೀವಿಯ ಜೀನನ್ನು ತಂದು ಸೇರಿಸುವದೇ ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸಿ ಅಂಜುವವರುಂಟು. ಮಾರುತಿಯಾಗಲಿ ಆಶಾ ಆಗಲಿ ಅನ್ಯಜೀನನ್ನು ಸೇರಿಸಿದ ತಳಿಗಳಲ್ಲ. ಅಂಥ ತೊಗರಿಯು ಈ ದೇಶದ ಒಕ್ಕಲಿಗರಿಗೆ ಇದುವರೆಗೆ ಬಿಡುಗಡೆಯಾಗಿಲ್ಲ. ಎರಡನೆಯ ವಿದ್ಯೆಗೆ ಉದಾಹರಣೆಯು 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯವೊಂದರ ಜೀನನ್ನು ಹತ್ತಿಯಲ್ಲಿ ಸೇರಿಸಿದುದರಿಂದ ಕಾಯಿಕೊರೆಯುವ ಹುಳುವಿಗೆ ಅದು ವಿಷವಾಯಿತು. ಆದರೆ ಆಶ್ರಯದ ಸಾಲುಗಳಾಗಿ ಸಾದಾ ಹತ್ತಿಯನ್ನು ಬಿತ್ತಬೇಕೆಂಬ ನಿಯಮವನ್ನು ಬಹುಜನರು ಪಾಲಿಸಲಿಲ್ಲ. 2010ರಲ್ಲಿ ಗುಜರಾತದ ಗುಲಾಬಿ ಕಾಯಿಕೊರಕವು ಮೊದಲನೆಯ ಬಿ.ಟಿ. ಜೀನಿಗೆ ಜಗ್ಗದೆಂದು ತಿಳಿದುಬಂದಿತು. ಬೀಜವು ಎಷ್ಟೇ ಉತ್ತಮವಾಗಿದ್ದರೂ ಒಕ್ಕಲುತನದ ಶಿಸ್ತು ತಪ್ಪಿದರೆ ಅದರ ಬಲವು ಕುಂದುವದೆಂಬ ಪಾಠವು ತೊಗರಿಗೂ ಸಲ್ಲುವದು.

ಊರ ಹಿರಿಯರು ಮಾಡತಕ್ಕದ್ದು

ತೊಗರಿಯ ಹೂವಿಗೆ ಜೇನುನೊಣಗಳು ಬಹಳವಾಗಿ ಬರುವದರಿಂದ ಒಂದು ಹೊಲದ ಪರಾಗವು ಇನ್ನೊಂದಕ್ಕೆ ಸೇರುವದು. ಒಬ್ಬನು ನೆಟೆ ತಡೆಯುವ ತಳಿಯನ್ನು ಬಿತ್ತಿ, ಬದುವಿನಾಚೆ ಇನ್ನೊಬ್ಬನು ಹಳೆಯ ಕಲಬೆರಕೆಯ ತೊಗರಿಯನ್ನು ಬಿತ್ತಿದರೆ, ಮೊದಲನೆಯವನು ಕಾದಿಟ್ಟ ಬೀಜದ ದಫ್ತರದಲ್ಲಿಯೂ ಎರಡನೆಯವನ ಬರಹವು ಸೇರಿಕೊಳ್ಳುವದು. ನಾಲ್ಕಾರು ವರ್ಷಗಳಲ್ಲಿ ತಳಿಯ ಹೆಸರು ಉಳಿದು ಗುಣವು ಅಳಿಯುವದು. “ಬೀಜದಂತೆ ಬೆಳೆ” ಎಂಬ ಹಿರಿಯರ ಮಾತಿಗೆ ಇದೇ ವ್ಯಾಖ್ಯಾನ. ಇದು ಒಬ್ಬನಿಂದ ಆಗುವ ಕೆಲಸವಲ್ಲವಾದುದರಿಂದ ಊರಿನ ಪ್ರಮುಖರು ಮುಂದಾಗಿ ಕೆಳಗಿನ ಸಂಗತಿಗಳನ್ನು ನಡೆಯಿಸತಕ್ಕದ್ದು.

ಒಂದು: ಒಂದು ಪಟ್ಟಿಯ ಹೊಲಗಳವರೆಲ್ಲರೂ ಕೂಡಿ ಒಂದೇ ತಳಿಯನ್ನು ಬಿತ್ತಬೇಕು. ಬೀಜಕ್ಕೆಂದು ಬೆಳೆಯುವ ಹೊಲವು ಬೇರೆ ತಳಿಯಿಂದ ಕನಿಷ್ಠ 100 ಮೀಟರು ದೂರವಿರಬೇಕು. ಬೇರೆ ಬಗೆಯ ಗಿಡಗಳನ್ನು ಹೂವಿಗೆ ಮುಂಚೆಯೇ ಕೀಳಬೇಕು.

ಎರಡು: ಮೂರು ವರ್ಷಕ್ಕೊಮ್ಮೆಯಾದರೂ ಹೊಸ ಬೀಜವನ್ನು ತರಬೇಕು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ, ಮೂಲಬೀಜಕ್ಕೆ ಬಿಳಿಯ ಚೀಟಿ ಇರುವದು. ಚೀಟಿಯನ್ನೂ ಪಾವತಿಯನ್ನೂ ಪೀಕು ಮನೆಗೆ ಬರುವ ವರೆಗೆ ಕಾದಿಡಬೇಕು. ತಕರಾರು ಬಂದರೆ ಅವೇ ಸಾಕ್ಷಿ.

ಮೂರು: ಬೀಜಕ್ಕೆ ಕಿಲೋವೊಂದಕ್ಕೆ 4 ಗ್ರಾಮಿನಂತೆ ಟ್ರೈಕೋಡರ್ಮವನ್ನು ಹಚ್ಚಿ ಬಿತ್ತಬೇಕು. ನೆಟೆ ಬಿದ್ದ ಹೊಲಕ್ಕೆ ಮೂರು ವರ್ಷ ತೊಗರಿಯನ್ನು ಹಾಕದೆ ಜೋಳವನ್ನು ಬಿತ್ತುವದು ಒಳಿತು. ಕೂಳೆಗಳನ್ನು ಕಿತ್ತು ಸುಡತಕ್ಕದ್ದು. ತೊಗರಿಯ ಸಾಲುಗಳ ನಡುವೆ ಜೋಳವನ್ನು ಬಿತ್ತುವದರಿಂದಲೂ ನೆಟೆಯು ಕಡಮೆಯಾಗುವದು.

ನಾಲ್ಕು: ಒಣಗಿದ ಗಿಡವೆಲ್ಲ ನೆಟೆಯಲ್ಲ, ಬೇರುಕೊಳೆಯೂ ಇರಬಹುದು. ಬೇರುಸಹಿತ ಗಿಡವನ್ನು ಕಿತ್ತು ಬೀದರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ ಖಚಿತಪಡಿಸಿಕೊಂಡ ಮೇಲೆಯೇ ಔಷಧಕ್ಕೆ ಹಣವನ್ನು ವೆಚ್ಚಮಾಡತಕ್ಕದ್ದು.

ಬೀಜವನ್ನು ಕಾದಿಡುವದು, ಬಿತ್ತುವದು, ನೆರೆಯವರೊಡನೆ ಬದಲು ಮಾಡುವದು ಒಕ್ಕಲಿಗನ ಹಕ್ಕೆಂದು 2001ರ ಸಸ್ಯತಳಿ ಸಂರಕ್ಷಣೆಯ ಕಾಯಿದೆಯು ಒಪ್ಪಿದೆ. ಹಕ್ಕಿನೊಡನೆ ಹೊಣೆಯೂ ಬರುವದು. ಆಶಾ ತಳಿಯ ಬರಹವನ್ನು ಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಓದಿದರು. ಆ ಬರಹವು ಕಲಬೆರಕೆಯಾಗದಂತೆ ಕಾಯಬೇಕಾದವರು ಹೊಲದವರು. ಮುಂದಿನ ಮುಂಗಾರಿಗೆ ಬೀಜವನ್ನು ಅಳೆಯುವ ಮುನ್ನ ಊರ ಹಿರಿಯರು ಒಂದು ಸಂಜೆ ಕೂಡಿ, ಯಾವ ಪಟ್ಟಿಗೆ ಯಾವ ತಳಿಯೆಂಬದನ್ನು ಗೊತ್ತುಮಾಡಿಕೊಂಡರೆ, ಕಾಯಿಕಟ್ಟುವ ಹೊತ್ತಿಗೆ ಹೊಲದ ಬದುವಿನಲ್ಲಿ ನಿಂತು ನಿಟ್ಟುಸಿರು ಬಿಡುವ ಪ್ರಸಂಗವು ಬಹುಮಟ್ಟಿಗೆ ತಪ್ಪುವದು.