ಎಂಜಿನ್ ಗಟ್ಟಿ ಐತ್ರಿ, ತಳ ನೋಡ್ರಿ

ನವಲಗುಂದ, ಅಣ್ಣಿಗೇರಿ ಕಡೆ ಹಳೇ ಪಿಕಪ್ ಕೊಳ್ಳಲು ಹೋದವರು ಕಿಲೋಮೀಟರ್ ಎಷ್ಟಾಗಿದೆ ಎಂದು ಕೇಳುವುದು ಅಪರೂಪ. ಕೇಳಿದರೂ ಉಪಯೋಗವಿಲ್ಲ. ಹತ್ತು ಹದಿನೈದು ವರ್ಷದ ಗಾಡಿಯಲ್ಲಿ ಮೀಟರಿನ ಕೇಬಲ್ ಎಂದೋ ಕಡಿದಿರುತ್ತದೆ, ಮುಳ್ಳು ಸೊನ್ನೆಯ ಮೇಲೆ ಮಲಗಿರುತ್ತದೆ. ಓಡಲು ಬೇಕಿಲ್ಲದ ಸಾಮಾನಿಗೆ ಯಾರು ದುಡ್ಡು ಹಾಕುತ್ತಾರೆ? ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ: “ಗಾಡಿ ಎಲ್ಲಿ ದುಡದೈತ್ರಿ? ಎರಿಯೊಳಗೋ, ಮಸಾರಿಯೊಳಗೋ?” ಆಮೇಲೆ ಎಷ್ಟು ಹಂಗಾಮು ಕಂಡಿದೆ, ಏನು ಹೇರಿದ್ದಾರೆ, ಯಾವ ಮಿಸ್ತ್ರಿ ಕೈಯಲ್ಲಿತ್ತು. ಇಷ್ಟು ತಿಳಿದರೆ ಬಾನೆಟ್ ಎತ್ತುವ ಮೊದಲೇ ಅರ್ಧ ವ್ಯವಹಾರ ಮುಗಿದ ಹಾಗೆ.

ಈ ಪ್ರಶ್ನೆಗಳಲ್ಲಿ ಎಂಜಿನ್ ಇಲ್ಲ ಎನ್ನುವುದನ್ನು ಗಮನಿಸಿ. ಗಾಡಿಯ ಬಾಳಿಕೆ ಎಂದರೆ ಎಂಜಿನ್ನಿನ ಬಾಳಿಕೆ ಎಂಬುದು ಪೇಟೆಯವರ ಲೆಕ್ಕ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಎಂಜಿನ್ ಕೊನೆಗೆ ಸಾಯುವ ಭಾಗ. ಅದಕ್ಕೂ ಮೊದಲು ಬಾಡಿಯ ತಳ ಹೋಗಿರುತ್ತದೆ, ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಒಂದೆರಡು ಸಲ ಕಟ್ ಆಗಿರುತ್ತದೆ, ಕ್ಲಚ್ ಪ್ಲೇಟ್ ಎಷ್ಟು ಬದಲಾಗಿವೆ ಎಂಬುದು ಮಾಲೀಕನಿಗೇ ನೆನಪಿರುವುದಿಲ್ಲ.

ಇದಕ್ಕೆ ಮೊದಲ ಕಾರಣ ಮಣ್ಣು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಪಾಲು ಎರೆಭೂಮಿ. ಆ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಮುಂಗಾರಿನಲ್ಲಿ ಹೊಲದ ದಾರಿಗೆ ಇಳಿದ ಗಾಡಿಯ ಗಾಲಿಗೆ ರಾಡಿ ಸುತ್ತುತ್ತದೆ, ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಹಿಡಿಯುತ್ತದೆ. ಟ್ರ್ಯಾಕ್ಟರ್ ಕೊರೆದ ಹಳಿಯಲ್ಲಿ ಪಿಕಪ್ ಇಳಿದರೆ ಹಿಂದಿನ ಹೌಸಿಂಗ್ ನೆಲಕ್ಕೆ ತಾಗಿ ಕೂತುಬಿಡುತ್ತದೆ. ಎಳೆಯುವುದು ಹಿಂದಿನ ಗಾಲಿ. ಗಾಡಿ ಖಾಲಿ ಇದ್ದರೆ ಅದು ನಿಂತಲ್ಲೇ ತಿರುಗುತ್ತದೆ. ಡ್ರೈವರ್ ಅರ್ಧ ಕ್ಲಚ್ಚಿನಲ್ಲಿ ಎಂಜಿನ್ ಅರಚಿಸುತ್ತಾನೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದರೆ ಮಿರಗದ ಮಳೆ ಸರಿಯಾಗಿ ಆಗಿದೆ ಎಂದು ತಿಳಿಯಬೇಕು, ಅಷ್ಟೆ.

ಕಣ್ಣಿಗೆ ಕಾಣುವ ರಾಡಿಗಿಂತ ಕಾಣದ ರಾಡಿ ಹೆಚ್ಚು ಕೆಡುಕು. ಚಾಸಿಯ ಪಟ್ಟಿಗೂ ಬಾಡಿಯ ತಳಕ್ಕೂ ನಡುವಿನ ಸಂದಿಯಲ್ಲಿ ಕೂತ ಎರೆಮಣ್ಣು ಮಳೆ ನಿಂತು ವಾರಗಳಾದರೂ ಒಳಗೊಳಗೇ ಹಸಿಯಾಗಿರುತ್ತದೆ. ಅಲ್ಲಿಂದ ತುಕ್ಕು ಶುರು. ಅದರ ಮೇಲೆ ಗೊಬ್ಬರ. ಯೂರಿಯಾ, ಡಿಎಪಿ ಚೀಲ ಹರಿದು ಸುರಿದ ಕಾಳು ತಳದ ಮೂಲೆಗಳಲ್ಲಿ ಉಳಿದು ಗಾಳಿಯ ತೇವವನ್ನೇ ಹೀರಿಕೊಂಡು ನೀರಾಗುತ್ತದೆ. ಆ ನೀರು ತಗಡನ್ನು ತಿನ್ನುತ್ತದೆ. ಸೊಸೈಟಿಯಿಂದ ಗೊಬ್ಬರ ಸಾಗಿಸಿ ಸಂಪಾದಿಸಿದ ಗಾಡಿಯ ತಳ ಐದಾರು ವರ್ಷಕ್ಕೇ ಜರಡಿ. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಚೆಕರ್ ಪ್ಲೇಟ್ ಹೊದಿಸುತ್ತಾರೆ, ಗಾಡಿಯ ತೂಕ ಏರುತ್ತದೆ, ಆ ತೂಕ ಪಾಟಾದ ಮೇಲೆ ಬೀಳುತ್ತದೆ. ಕೆಲವರು ತಳಕ್ಕೆ ರಬ್ಬರ್ ಹಾಸುತ್ತಾರೆ. ನೋಡಲು ಚೆಂದ, ಆದರೆ ಕೆಳಗೆ ನೀರು ನಿಂತು ಕೊಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ತಿಳಿದವರು ಮಾಡುವುದು ಹಳೆಯ ಉಪಾಯ: ಮಳೆಗಾಲಕ್ಕೆ ಮೊದಲು ತಳ ತೊಳೆಸಿ, ಒಣಗಿಸಿ, ಎಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲನ್ನು ಬ್ರಶ್ಶಿನಿಂದ ಬಳಿಯುವುದು. ಮೈಯೆಲ್ಲ ಕರಿಯಾಗುವ ಕೆಲಸ, ಪರಿಸರಕ್ಕೂ ಒಳ್ಳೆಯದಲ್ಲ, ಆದರೆ ಇಪ್ಪತ್ತು ವರ್ಷದ ಚಾಸಿಗಳು ಉಳಿದದ್ದು ಹೆಚ್ಚಾಗಿ ಹೀಗೇ.

ಏನು ಹೇರಿದ್ದಾರೆ ಎಂಬ ಪ್ರಶ್ನೆಗೂ ಅರ್ಥವಿದೆ. ಕುಂದಗೋಳ, ಅಣ್ಣಿಗೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿ ನೋಡಲು ಗುಡ್ಡದಷ್ಟು, ತೂಕಕ್ಕೆ ಹಗುರ. ತಾಡಪತ್ರಿ ಕಟ್ಟಿ ಬ್ಯಾಡಗಿ ಪೇಟೆಗೆ ಹೊಯ್ದಾಡುತ್ತ ಹೋಗುವ ಗಾಡಿಯನ್ನು ಕಂಡರೆ ಭಯವಾಗುತ್ತದೆ, ಆದರೆ ಅದರ ಪಾಟಾ ಆರಾಮಾಗಿರುತ್ತದೆ. ಹತ್ತಿಯದೂ ಅದೇ ಕಥೆ. ಉಳ್ಳಾಗಡ್ಡಿ ಹಾಗಲ್ಲ. ಭಾರವೂ ಹೌದು, ಹಸಿಯೂ ಹೌದು; ನವಲಗುಂದದ ಹೊಲದಿಂದ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೋ, ರೇಟು ಚಲೋ ಇದ್ದರೆ ರಾತ್ರೋರಾತ್ರಿ 400 ಕಿಲೋಮೀಟರ್ ಆಚೆಯ ಯಶವಂತಪುರಕ್ಕೋ ಓಡಬೇಕು. ಸಿಮೆಂಟು, ಉಸುಕು ಹೇರಿದ ಗಾಡಿಯನ್ನಂತೂ ಬಲ್ಲವರು ಮುಟ್ಟುವುದಿಲ್ಲ. ಹಾಗಾಗಿ ಮಾರುವವರೆಲ್ಲರೂ ಒಂದೇ ಮಾತು ಹೇಳುತ್ತಾರೆ: “ಬರೇ ಮೆಣಸಿನಕಾಯಿ ಹೇರೇವ್ರಿ.” ಜಿಲ್ಲೆಯಲ್ಲಿ ಬೆಳೆದ ಮೆಣಸಿನಕಾಯಿಗಿಂತ ಹಳೇ ಗಾಡಿ ಮಾರುವಾಗ ಹೇರಿದ ಮೆಣಸಿನಕಾಯಿಯೇ ಹೆಚ್ಚಿರಬೇಕು.

ಇನ್ನು ಎಂಜಿನ್. ಈ ಭಾಗದಲ್ಲಿ ಎರಡು ತಲೆಮಾರಿನ ಗಾಡಿಗಳು ಒಟ್ಟಿಗೇ ಓಡುತ್ತಿವೆ. ಹಳೆಯವು ಮಹಿಂದ್ರಾದ 2523 ಸಿಸಿಯ ಎಂಡಿಐ ಎಂಜಿನ್ನಿನ ಪಿಕಪ್, ಟಾಟಾ 207, ಮೊದಲ ತಲೆಮಾರಿನ ಟಾಟಾ ಏಸ್. ಇವುಗಳಲ್ಲಿ ಡೀಸೆಲನ್ನು ಒತ್ತಿ ಕಳಿಸುವುದು ಯಂತ್ರದ ಪಂಪು, ಕಂಪ್ಯೂಟರಿನ ಹಂಗಿಲ್ಲ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ ಕೈಗೆ ಈ ಎಂಜಿನ್ ಹೊಸದಲ್ಲ. ಸದ್ದು ಕೇಳಿಯೇ ಯಾವ ಸಿಲಿಂಡರಿನ ನಾಜಲ್ ಸೋರುತ್ತಿದೆ ಎಂದು ಹೇಳುವ ಮಿಸ್ತ್ರಿಗಳು ಈ ತಾಲ್ಲೂಕು ಪಟ್ಟಣಗಳಲ್ಲಿ ಇನ್ನೂ ಇದ್ದಾರೆ. ಅವರ ಬಾಯಲ್ಲಿ ಪಂಪು ಎಂದರೆ ‘ಮೈಕೊ’. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳ ಗೋಡೆಯ ಮೇಲೆ, ಮಿಸ್ತ್ರಿಯ ನಾಲಗೆಯ ಮೇಲೆ ಹಳೆಯ ಹೆಸರೇ ಉಳಿದಿದೆ.

ಎರಡನೆಯ ತಲೆಮಾರು ಕಾಮನ್ ರೈಲ್. ಒಂದೇ ಕೊಳವೆಯಲ್ಲಿ ಸಾವಿರ ಬಾರ್‌ಗೂ ಮಿಕ್ಕ ಒತ್ತಡದಲ್ಲಿ ಡೀಸೆಲ್ ನಿಂತಿರುತ್ತದೆ, ಯಾವಾಗ ಎಷ್ಟು ಬಿಡಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಎಳೆತ ಹೆಚ್ಚು, ಹೊಗೆ ಕಡಿಮೆ, ಮೈಲೇಜೂ ಚಲೋ. ತೊಂದರೆ ಇರುವುದು ಹಳ್ಳಿಯ ಡೀಸೆಲ್ ಪದ್ಧತಿಯಲ್ಲಿ. ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ತಂದಿಟ್ಟದ್ದನ್ನೇ ಪಿಕಪ್ಪಿಗೂ ಸುರಿಯುವುದು ರೂಢಿ. ಕ್ಯಾನಿನ ಮುಚ್ಚಳ ಸಡಿಲ, ಒಳಗೆ ನೀರಿನ ಹನಿ, ತಳದಲ್ಲಿ ದೂಳು. ಮೈಕೊ ಪಂಪು ಇದನ್ನು ಕೆಮ್ಮಿಕೊಂಡಾದರೂ ನುಂಗುತ್ತಿತ್ತು. ಕೂದಲಿಗಿಂತ ಸಣ್ಣ ಅಳತೆಯಲ್ಲಿ ಕೆಲಸ ಮಾಡುವ ಕಾಮನ್ ರೈಲ್ ಇಂಜೆಕ್ಟರ್ ನುಂಗುವುದಿಲ್ಲ. ಒಂದು ಸಲ ಕೆಟ್ಟಿತೆಂದರೆ ಸ್ಕ್ಯಾನರ್ ಹಚ್ಚಬೇಕು, ಹುಬ್ಬಳ್ಳಿಗೆ ಎಳೆದುಕೊಂಡು ಹೋಗಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್–6 ನಿಯಮದ ನಂತರ ಹಲವು ಡೀಸೆಲ್ ಗಾಡಿಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಸೇರಿದೆ. ಆ ಮಸಿ ತಾನಾಗಿ ಸುಟ್ಟುಹೋಗಲು ಹೈವೇಯಲ್ಲಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಬೇಕು. ದಿನವಿಡೀ ಹೊಲಕ್ಕೂ ಸಂತೆಗೂ ಎರಡನೇ ಗೇರಿನಲ್ಲಿ ತಿರುಗುವ ಗಾಡಿಗೆ ಆ ಭಾಗ್ಯ ಎಲ್ಲಿಂದ?

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಹಳೆಯ ಎಂಜಿನ್ ‘ಗಟ್ಟಿ’ ಎನ್ನಿಸಿಕೊಂಡದ್ದರಲ್ಲಿ ಅರ್ಧ ಪಾಲು ಅದು ಕೆಡುವುದಿಲ್ಲ ಎಂಬುದಕ್ಕಲ್ಲ, ಕೆಟ್ಟರೆ ಅದೇ ದಿನ ರಿಪೇರಿಯಾಗುತ್ತದೆ ಎಂಬುದಕ್ಕೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಈ ನಾಲ್ಕೂ ತಾಲ್ಲೂಕು ಪಟ್ಟಣಗಳು ಹುಬ್ಬಳ್ಳಿಯಿಂದ 40 ಕಿಲೋಮೀಟರ್ ಒಳಗೇ ಇವೆ. ಅಂಗಡಿಗೆ ಫೋನ್ ಮಾಡಿದರೆ ಸಾಮಾನು ಮುಂದಿನ ಬಸ್ಸಿನಲ್ಲಿ ಬರುತ್ತದೆ. ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡರಾಯಿತು. ಮಧ್ಯಾಹ್ನ ನಿಂತ ಗಾಡಿ ಸಂಜೆಗೆ ಬಾಡಿಗೆಗೆ ಹೊರಡುತ್ತದೆ. ಮಾಲೀಕನ ನೆನಪಿನಲ್ಲಿ ಅದು ಕೆಟ್ಟ ದಿನವೆಂದು ಉಳಿಯುವುದೇ ಇಲ್ಲ.

ಬಿಡಿಭಾಗ ಎಷ್ಟು ದೊಡ್ಡ ಮಾತು ಎಂಬುದಕ್ಕೆ 1980ರ ದಶಕದ ಉದಾಹರಣೆ ಸಾಕು. ಆಗ ಜಪಾನಿನ ಸಹಯೋಗದಲ್ಲಿ ನಾಲ್ಕು ಸಣ್ಣ ಲಾರಿಗಳು ಭಾರತಕ್ಕೆ ಬಂದವು: ಡಿಸಿಎಂ ಟೊಯೊಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ. ಅವಕ್ಕೆ ಎದುರಾಗಿ ಟಾಟಾ 1986ರಲ್ಲಿ 407 ಇಳಿಸಿತು. ಜಪಾನಿನ ಗಾಡಿಗಳು ಕೆಟ್ಟ ಗಾಡಿಗಳಾಗಿರಲಿಲ್ಲ; ನುಣುಪಿನಲ್ಲಿ ಒಂದು ಕೈ ಮೇಲೆಯೇ. ಆದರೆ ಡಿಸಿಎಂ ಟೊಯೊಟಾ ಕಾರ್ಖಾನೆ 1990ರ ದಶಕದಲ್ಲಿ ಡೇವೂ ಕೈಗೆ ಹೋಯಿತು, ಆಲ್ವಿನ್ ನಿಸಾನ್ ಮಹಿಂದ್ರಾದಲ್ಲಿ ಕರಗಿತು. ಹೆಸರು ಹೋದ ಗಾಡಿಗೆ ಸಾಮಾನು ಹುಡುಕುವುದು ಕಷ್ಟವಾಯಿತು, ಗಟ್ಟಿ ಎಂಜಿನ್ ಇದ್ದೂ ಅಂಥ ಗಾಡಿಗಳು ಗುಜರಿ ಸೇರಿದವು. 407ರ ಸಾಮಾನು ಮಾತ್ರ ಇಂದಿಗೂ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಜಗತ್ತಿನಾದ್ಯಂತ ಬಾಳಿಕೆಗೆ ಹೆಸರಾದ ಟೊಯೊಟಾ ಹೈಲಕ್ಸ್ ಆಫ್ರಿಕಾದ ಮರಳುಗಾಡಿನಲ್ಲಿ ಉಳಿದದ್ದೂ ಮೂಲೆಮೂಲೆಯಲ್ಲಿ ಅದನ್ನು ಬಿಚ್ಚಬಲ್ಲವರು ಇದ್ದುದರಿಂದಲೇ. ಅದು 2022ರಲ್ಲಿ ನಮ್ಮ ದೇಶಕ್ಕೂ ಬಂತು, ಸುಮಾರು 34 ಲಕ್ಷ ರೂಪಾಯಿಯ ಆರಂಭದ ಬೆಲೆಯೊಂದಿಗೆ. ಅದರಲ್ಲಿ ಉಳ್ಳಾಗಡ್ಡಿ ಹೇರಿದವರನ್ನು ನಾನಂತೂ ಕಂಡಿಲ್ಲ.

ಟಾಟಾ ಏಸಿನ ಕಥೆ ಸ್ವಲ್ಪ ಬೇರೆ. ಗಿರೀಶ್ ವಾಘ್ ನೇತೃತ್ವದ ತಂಡ ರೂಪಿಸಿ 2005ರ ಮೇ ತಿಂಗಳಲ್ಲಿ ಬಂದ ಈ ಗಾಡಿಗೆ ಎರಡೇ ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. ಹೇರಬೇಕಾದದ್ದು 750 ಕಿಲೊ. ಹೇರಿದ್ದು ಎಷ್ಟೆಂದು ಹಮಾಲರನ್ನು ಕೇಳಬೇಕು. ‘ಛೋಟಾ ಹಾಥಿ’ ಎಂದು ಹೆಸರಿಟ್ಟವರು ಅದನ್ನು ನಿಜವಾಗಿಯೂ ಆನೆ ಎಂದೇ ನಂಬಿದರು. 12 ಇಂಚಿನ ಗಾಲಿ ಎರಿ ರಾಡಿಯಲ್ಲಿ ಹೂತುಹೋಗುತ್ತದೆ, ಹಾಗಾಗಿ ಅದು ಹೊಲಕ್ಕೆ ಇಳಿಯುವ ಗಾಡಿಯಲ್ಲ. ಡಾಂಬರಿನ ಮೇಲೆ ಹಾಲಿನ ಕ್ಯಾನು, ತರಕಾರಿ, ನೀರಿನ ಬಾಟಲಿ, ಪೆಂಡಾಲಿನ ಸಾಮಾನು ಹೊತ್ತ ಏಸುಗಳು ಮಾತ್ರ ಎರಡು ಸಲ ಬೋರ್ ಮಾಡಿಸಿಕೊಂಡು ಈಗಲೂ ಓಡುತ್ತಿವೆ. ಆ ಪುಟ್ಟ ಎಂಜಿನ್ನಿನ ಬೋರ್ ಕೆಲಸದ ಖರ್ಚು ದೊಡ್ಡ ಪಿಕಪ್ಪಿನದಕ್ಕೆ ಹೋಲಿಸಿದರೆ ಎಷ್ಟೋ ಕಡಿಮೆ. ಇದೇ ಕುಟುಂಬದ ಏಸ್ ಜಿಪ್ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು ಎಂಬುದು ಇಲ್ಲಿಯವರಿಗೆ ಸಣ್ಣ ಹೆಮ್ಮೆ.

ಕಲಘಟಗಿಗೆ ಬಂದರೆ ಪ್ರಶ್ನೆಪತ್ರಿಕೆ ಬದಲಾಗುತ್ತದೆ. ಅದು ಅರೆ ಮಲೆನಾಡು. ಭತ್ತ, ಗೋವಿನಜೋಳ, ಕಬ್ಬು. ಮಣ್ಣು ಮಸಾರಿ, ಅಂದರೆ ಕೆಂಪು ಮಣ್ಣು; ಗಾಲಿ ಹೂಳುವುದು ಕಡಿಮೆ, ಆದರೆ ಮಳೆ ಹೆಚ್ಚು. ಅಲ್ಲಿ ತುಕ್ಕು ತಳದಿಂದಲ್ಲ, ಕ್ಯಾಬಿನ್ನಿನ ಬಾಗಿಲ ಕೆಳಗಿನಿಂದ, ಗಾಜಿನ ರಬ್ಬರಿನ ಅಡಿಯಿಂದ ಬರುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬರುವ ಗಾಡಿಗೆ ಬ್ರೇಕ್ ಲೈನರ್ ಬೇಗ ತೀರುತ್ತದೆ. ನವಲಗುಂದದ ಗಾಡಿ ಕೊಳ್ಳುವವರು ತಳ ಬಗ್ಗಿ ನೋಡಿದರೆ, ಕಲಘಟಗಿಯ ಗಾಡಿ ಕೊಳ್ಳುವವರು ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನೋಡಬೇಕು.

ಬ್ರೇಕಿನ ಮಾತು ಬಂತೆಂದು ಒಂದು ಕಹಿ ಮಾತು. ನಿಲ್ಲುವ ಭಾಗಗಳಿಗಿಂತ ಓಡುವ ಭಾಗಗಳಿಗೆ ನಮ್ಮ ಮಾಲೀಕರು ಬೇಗ ದುಡ್ಡು ಬಿಚ್ಚುತ್ತಾರೆ. ಕ್ಲಚ್ ಹೋದರೆ ಅದೇ ದಿನ; ಸ್ಟೇರಿಂಗ್ ಆಟ ಬಂದಿದ್ದರೆ “ಮುಂದಿನ ಹಂಗಾಮಿಗೆ ನೋಡೂಣು”. ಅದೇ ಗಾಡಿಯ ಬಾಡಿಯಲ್ಲಿ ಕಳೆ ತೆಗೆಯಲು ಹೋಗುವ ಹೆಣ್ಣಾಳುಗಳು, ಜಾತ್ರೆಗೆ ಹೊರಟ ಮನೆಮಂದಿ ನಿಂತಿರುತ್ತಾರೆ. ಸರಕು ಗಾಡಿಯಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. ಹದಿನೈದು ವರ್ಷದ ಗಾಡಿಯನ್ನು ಹೊಗಳುವಾಗ ಈ ಲೆಕ್ಕವನ್ನು ಬಿಡಬಾರದು.

ಇಷ್ಟೆಲ್ಲ ಇದ್ದೂ ಹಳೆಯದನ್ನೇ ಏಕೆ ಇಟ್ಟುಕೊಳ್ಳುತ್ತಾರೆ? ಸಾಲ ತೀರಿದೆ ಎಂಬುದೇ ದೊಡ್ಡ ಕಾರಣ. ಹೊಸ ಪಿಕಪ್ಪಿಗೆ ಒಂಬತ್ತು ಹತ್ತು ಲಕ್ಷ ಬೇಕು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದರೂ ತಿಂಗಳ ಕಂತು ಕಂತೇ. ಹೆಸರಿನ ಬೆಳೆ ಕೈಕೊಟ್ಟ ವರ್ಷ, ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿ ಹರಿದ 2019ರಂಥ ವರ್ಷ ಬಾಡಿಗೆಯೇ ಇರುವುದಿಲ್ಲ. ಫೈನಾನ್ಸಿನವರು ಮಳೆಯ ಲೆಕ್ಕ ಕೇಳುವುದಿಲ್ಲ. ಹಳೇ ಗಾಡಿ ದುಡಿಯದ ತಿಂಗಳು ಮನೆ ಮುಂದೆ ಸುಮ್ಮನೆ ನಿಂತಿರುತ್ತದೆ, ಅಷ್ಟೆ.

ಸುಮ್ಮನೆ ನಿಂತರೂ ಕಾಗದದ ಖರ್ಚು ನಿಲ್ಲುವುದಿಲ್ಲ. 7,500 ಕಿಲೊ ಒಳಗಿನ ಸರಕು ಗಾಡಿಯ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ಮೂಲ ದರ ವರ್ಷಕ್ಕೆ 16,049 ರೂಪಾಯಿ. ಗಾಡಿ ನಿನ್ನೆ ಶೋರೂಮಿನಿಂದ ಬಂದದ್ದಾದರೂ ಇಷ್ಟೇ, ಇಪ್ಪತ್ತು ವರ್ಷದ್ದಾದರೂ ಇಷ್ಟೇ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಇದ್ದ ಪಾಸಿಂಗ್, ಅಂದರೆ ಫಿಟ್‌ನೆಸ್ ಪರೀಕ್ಷೆ, ಆಮೇಲೆ ಪ್ರತಿವರ್ಷ. ಹದಿನೈದು ದಾಟಿದ ಗಾಡಿಯ ಪಾಸಿಂಗ್ ಶುಲ್ಕವನ್ನು ಕೇಂದ್ರ ಸರಕಾರ 2021ರ ಅಕ್ಟೋಬರಿನ ಅಧಿಸೂಚನೆಯಲ್ಲಿ ಹಲವು ಪಟ್ಟು ಏರಿಸಿತು. ಹದಿನೈದಕ್ಕೆ ಗಾಡಿಯನ್ನೇ ಕಸಿಯುತ್ತಾರಂತೆ ಎಂಬ ಸುದ್ದಿ ಆಗ ಹಳ್ಳಿಗಳಲ್ಲಿ ಹಬ್ಬಿತ್ತು. ಅದು ಸರಕಾರಿ ವಾಹನಗಳಿಗೆ 2023ರ ಏಪ್ರಿಲಿನಿಂದ ಜಾರಿಯಾದ ನಿಯಮ; ನಮ್ಮ ಕಡೆಯ ಖಾಸಗಿ ಗಾಡಿ ಪರೀಕ್ಷೆಯಲ್ಲಿ ಪಾಸಾಗುವವರೆಗೂ ಓಡಬಹುದು. ಆದರೂ ಆ ಸುದ್ದಿ ಕೇಳಿ ಹೆದರಿ ಚಲೋ ಗಾಡಿಯನ್ನು ಸಿಕ್ಕಷ್ಟಕ್ಕೆ ಕೊಟ್ಟವರಿದ್ದಾರೆ. ಕೊಂಡವರು ಬುದ್ಧಿವಂತರು.

ಕೊಳ್ಳುವ ಬುದ್ಧಿವಂತರು ನೋಡುವ ಇನ್ನೊಂದು ಜಾಗವಿದೆ. ಪಾಸಿಂಗ್ ದಿನ ಚಾಸಿಯ ಮೇಲೆ ಕೊರೆದ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ತುಕ್ಕು ಆ ಅಂಕಿಗಳನ್ನು ತಿಂದಿದ್ದರೆ ಎಂಜಿನ್ ಎಷ್ಟೇ ಗಟ್ಟಿಯಿದ್ದರೂ ಅಲೆದಾಟ ತಪ್ಪದು. ಅದಕ್ಕೇ ಕೆಎ–25, ಕೆಎ–63 ನಂಬರಿನ ಹಳೇ ಪಿಕಪ್ ನೋಡಲು ಬರುವ ಅನುಭವಸ್ಥರ ಜೇಬಿನಲ್ಲಿ ಉಪ್ಪುಕಾಗದ, ಒಂದು ತುಂಡು ಬಿಳಿ ಹಾಳೆ, ಪೆನ್ಸಿಲ್ ಇರುತ್ತವೆ. ಮೊದಲು ಗಾಡಿಯ ಕೆಳಗೆ ತೂರಿ, ನಂಬರಿನ ಜಾಗ ತಿಕ್ಕಿ, ಹಾಳೆ ಇಟ್ಟು ಪೆನ್ಸಿಲ್ ಉಜ್ಜುತ್ತಾರೆ. ಎಲ್ಲ ಅಂಕಿ ಮೂಡಿದರೆ ಚಹಾ ತರಿಸಿ ರೇಟಿನ ಮಾತು ಎತ್ತುತ್ತಾರೆ. ಎರಡು ಅಂಕಿ ಮಾಸಿದ್ದರೆ ಗುಜರಿಯ ಕಿಲೊ ಲೆಕ್ಕದಿಂದ ಚೌಕಾಶಿ ಶುರು.